ಬೆಳ್ಳಿಯ ತೂಕವೂ ಕೈಯ ಬೆಲೆಯೂ

ಡಿಸೆಂಬರ್ ತಿಂಗಳ ಮೊದಲನೆಯ ದಿನ ಧರ್ಮಸಭೆಯು ಸಂತ ಎಲಿಜಿಯುಸರನ್ನು ಸ್ಮರಿಸುತ್ತದೆ. ಯುರೋಪಿನ ಅಕ್ಕಸಾಲಿಗರೂ ಲೋಹದ ಕೆಲಸಗಾರರೂ ಶತಮಾನಗಳಿಂದ ಇವರನ್ನು ತಮ್ಮ ಪಾಲಕ ಸಂತರೆಂದು ಗೌರವಿಸುತ್ತ ಬಂದಿದ್ದಾರೆ. ಸುಮಾರು 588ರಲ್ಲಿ, ಇಂದಿನ ಫ್ರಾನ್ಸಿನ ಲಿಮೋಜ್ ಪಟ್ಟಣದ ಬಳಿ ಜನಿಸಿದ ಎಲಿಜಿಯುಸರು ಅಲ್ಲಿನ ಟಂಕಸಾಲೆಯ ಮುಖ್ಯಸ್ಥನಾಗಿದ್ದ ಅಬ್ಬೋ ಎಂಬ ಅಕ್ಕಸಾಲಿಗನ ಬಳಿ ಕಸುಬು ಕಲಿತರು. ದೊರೆ ಎರಡನೆಯ ಕ್ಲೋಟೇರನು ಒಂದು ಸಿಂಹಾಸನ ಮಾಡಲೆಂದು ಚಿನ್ನವನ್ನು ಕೊಟ್ಟಾಗ, ಅವರು ಅಷ್ಟೇ ಚಿನ್ನದಲ್ಲಿ ಎರಡು ಸಿಂಹಾಸನಗಳನ್ನು ಮಾಡಿ ಒಪ್ಪಿಸಿದರೆಂದು ಅವರ ಚರಿತ್ರೆಯು ಹೇಳುತ್ತದೆ. ಆ ಪ್ರಾಮಾಣಿಕತೆಯೇ ಅವರನ್ನು ಅರಮನೆಯ ವಿಶ್ವಾಸಕ್ಕೆ ಪಾತ್ರರನ್ನಾಗಿಸಿತು. ತಮ್ಮ ಸಂಪತ್ತಿನಿಂದ ಅವರು ಅನೇಕ ಗುಲಾಮರನ್ನು ಬಿಡುಗಡೆಗೊಳಿಸಿದರು. 641ರಲ್ಲಿ ನೊಯೋಂ ಪಟ್ಟಣದ ಧರ್ಮಾಧ್ಯಕ್ಷರಾದ ಅವರು 660ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು.

ಅಕ್ಕಸಾಲಿಗನನ್ನು ಕುರಿತು ನಮ್ಮ ನಾಡಿನ ಗಾದೆಯಾದರೋ ಇಷ್ಟು ಉದಾರವಾಗಿಲ್ಲ. ಅಕ್ಕನ ಚಿನ್ನವನ್ನೂ ಅವನು ಗುಲಗಂಜಿಯಷ್ಟಾದರೂ ಕದಿಯದೆ ಬಿಡನೆಂದು ಅದು ಆಡಿಕೊಳ್ಳುತ್ತದೆ. ಆದರೆ ಕೊಳ್ಳುವವರು ಅವನ ಶ್ರಮದಲ್ಲಿ ಎಷ್ಟು ಗುಲಗಂಜಿಯನ್ನು ಉಳಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಯನ್ನು ಆ ಗಾದೆ ಎತ್ತುವುದಿಲ್ಲ. ಯಾವ ಅಂಗಡಿಯ ಆಶ್ರಯವೂ ಇಲ್ಲದೆ, ತಾನೇ ಬೆಳ್ಳಿ ಕೊಂಡು, ತಾನೇ ಒಡವೆ ಮಾಡಿ, ತಾನೇ ಮಾರಿ ಬದುಕುವ ಸ್ವತಂತ್ರ ಕುಶಲಕರ್ಮಿಯ ಪಾಲಿಗೆ ಇದು ಅನ್ನದ ಪ್ರಶ್ನೆಯಾಗಿದೆ. ನಮ್ಮ ಯುವಕ ಯುವತಿಯರಲ್ಲಿಯೂ ಕೈಕಸುಬಿನ ಕಡೆಗೆ ಮನಸ್ಸು ಮಾಡುವವರು ಇರುವುದರಿಂದ, ಈ ವಾರ ಬೆಳ್ಳಿಯ ಕೆಲಸವನ್ನು ಕುರಿತು ಕೆಲವು ವಿಷಯಗಳನ್ನು ಓದುಗರ ಮುಂದಿಡಬಯಸುತ್ತೇವೆ.

ಮೂಸೆಯಿಂದ ಕೊರಳಿಗೆ

ಶುದ್ಧ ಬೆಳ್ಳಿಯು ಬಹಳ ಮೃದುವಾದ ಲೋಹ. ಅದರಿಂದ ಮಾಡಿದ ಉಂಗುರವು ದಿನಬಳಕೆಯಲ್ಲಿ ಬೇಗನೆ ಬಾಗುತ್ತದೆ, ಗೀರುಬೀಳುತ್ತದೆ. ಆದಕಾರಣ 1000 ಭಾಗದಲ್ಲಿ 925 ಭಾಗ ಬೆಳ್ಳಿಗೆ ಉಳಿದ 75 ಭಾಗ ಸಾಮಾನ್ಯವಾಗಿ ತಾಮ್ರವನ್ನು ಬೆರೆಸುವ ಪದ್ಧತಿ ಲೋಕದಾದ್ಯಂತ ರೂಢಿಯಲ್ಲಿದೆ. ಸ್ಟರ್ಲಿಂಗ್ ಎಂದು ಕರೆಯುವುದು ಇದನ್ನೇ. ಹೀಗೆ ಬೆರೆಸುವುದು ಮೋಸವಲ್ಲ. ಬೆರೆಸಿದ್ದನ್ನು ಹೇಳದಿರುವುದು ಮೋಸ.

ಶುದ್ಧ ಬೆಳ್ಳಿ ಕರಗಲು ಸುಮಾರು 962 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಮೂಸೆಯಲ್ಲಿ ಕರಗಿಸಿದ ಲೋಹವನ್ನು ಅಚ್ಚಿಗೆ ಸುರಿದು ಕಂಬಿಯನ್ನಾಗಿ ಮಾಡುತ್ತಾರೆ. ಅದನ್ನು ಬಡಿದು ತಗಡು ಮಾಡಬಹುದು. ಒಂದಕ್ಕಿಂತ ಒಂದು ಕಿರಿದಾದ ತೂತುಗಳುಳ್ಳ ಉಕ್ಕಿನ ಪಟ್ಟಿಯ ಮೂಲಕ ಎಳೆದೆಳೆದು ಕೂದಲೆಳೆಯಂತಹ ತಂತಿಯನ್ನೂ ಮಾಡಬಹುದು. ಬಡಿದಷ್ಟೂ ಎಳೆದಷ್ಟೂ ಬೆಳ್ಳಿ ಗಡುಸಾಗುತ್ತ ಹೋಗುತ್ತದೆ. ಹಾಗೆಯೇ ಮುಂದುವರಿದರೆ ಬಿರುಕು ಬಿಡುತ್ತದೆ. ಆದುದರಿಂದ ಮತ್ತೆ ಮತ್ತೆ ಬೆಂಕಿಗೆ ಹಿಡಿದು ಅದನ್ನು ಹದಕ್ಕೆ ತರಬೇಕು. ಎಷ್ಟು ಕೆಂಪಾದರೆ ಹದ, ಎಷ್ಟು ಕೆಂಪಾದರೆ ಕೇಡು ಎಂಬುದನ್ನು ಕಣ್ಣೇ ಹೇಳಬೇಕು. ಈ ಅರಿವು ಪುಸ್ತಕದಿಂದ ಬರುವಂಥದಲ್ಲ.

ಬಿಡಿ ಭಾಗಗಳನ್ನು ಕೂಡಿಸುವ ಬೆಸುಗೆ ಇನ್ನೂ ನಾಜೂಕಿನ ಕೆಲಸ. ಒಡವೆಗಿಂತ ಕಡಿಮೆ ಉಷ್ಣತೆಯಲ್ಲಿ ಕರಗುವ ಬೆಳ್ಳಿಯ ಬೆಸುಗೆಯ ಚೂರನ್ನು ಬಿಳಿಗಾರದೊಂದಿಗೆ ಸಂದಿಗೆ ಇಟ್ಟು ಉರಿಯನ್ನು ಊದುತ್ತಾರೆ. ಒಂದು ಕ್ಷಣ ತಡವಾದರೆ ಬೆಸುಗೆಯೊಡನೆ ಒಡವೆಯೇ ಕರಗಿ ಮುದ್ದೆಯಾದೀತು. ಅನಂತರ ಅರ ಹಾಕುವುದು, ಉಜ್ಜುವುದು, ಹರಳು ಕೂಡಿಸುವುದು, ಹೊಳಪು ಕೊಡುವುದು. ಹುಣಿಸೆಹುಳಿಯ ನೀರಿನಲ್ಲಿಯೂ ಅಂಟುವಾಳದ ನೊರೆಯಲ್ಲಿಯೂ ಬೆಳ್ಳಿಯನ್ನು ತೊಳೆಯುವ ಕ್ರಮ ನಮ್ಮಲ್ಲಿ ಹಳೆಯದು. ಅರದ ಪುಡಿಯನ್ನೂ ನೆಲದ ಕಸವನ್ನೂ ಕುಶಲಕರ್ಮಿಯು ಎಸೆಯುವುದಿಲ್ಲ. ಕೂಡಿಟ್ಟು, ಕರಗಿಸಿ, ಅದರೊಳಗಿನ ಬೆಳ್ಳಿಯನ್ನು ಹಿಂದಕ್ಕೆ ಪಡೆಯುತ್ತಾನೆ.

ಈ ಕಸುಬಿಗೆ ಅದರದೇ ಆದ ಅಪಾಯಗಳೂ ಉಂಟು. ಬೆಸುಗೆಯಲ್ಲಿ ಕ್ಯಾಡ್ಮಿಯಂ ಬೆರೆತಿದ್ದರೆ ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಕ್ಯಾಡ್ಮಿಯಂ ಇಲ್ಲದ ಬೆಸುಗೆ, ಗಾಳಿಯಾಡುವ ಕೋಣೆ, ಕಣ್ಣಿಗೆ ಕನ್ನಡಕ, ಇವು ಮೂರು ಇಲ್ಲದೆ ಮನೆಯ ಮೂಲೆಯಲ್ಲಿ ಈ ಕೆಲಸಕ್ಕೆ ಯಾರೂ ಕೂಡಬಾರದು.

ತಾಸ್ಕೋ ಪಟ್ಟಣದ ಪಾಠ

ಸ್ವತಂತ್ರ ಕುಶಲಕರ್ಮಿಗಳಿಂದಲೇ ಹೆಸರಾದ ಊರೊಂದು ಮೆಕ್ಸಿಕೋ ದೇಶದಲ್ಲಿದೆ. ಅದು ಗೆರೇರೋ ರಾಜ್ಯದ ಬೆಟ್ಟಗಳ ನಡುವಿನ ತಾಸ್ಕೋ. ಹದಿನೆಂಟನೆಯ ಶತಮಾನದಲ್ಲಿ ಬೆಳ್ಳಿಯ ಗಣಿಯಿಂದ ಅಪಾರ ಐಶ್ವರ್ಯ ಗಳಿಸಿದ ಹೋಸೆ ದೆ ಲಾ ಬೋರ್ದಾ ಎಂಬಾತನು 1751ರಿಂದ 1758ರವರೆಗೆ ಅಲ್ಲಿ ಸಂತ ಪ್ರಿಸ್ಕಾರ ಭವ್ಯ ದೇವಾಲಯವನ್ನು ಕಟ್ಟಿಸಿದನು. ಚಿನ್ನದ ಲೇಪನದ ಪೀಠಗಳಿಂದ ಕಂಗೊಳಿಸುವ ಆ ದೇವಾಲಯ ಇಂದಿಗೂ ಊರಿನ ಕಳಶದಂತಿದೆ. ಆದರೆ ಗಣಿಯ ಸಿರಿ ಇಳಿದ ಮೇಲೆ ಊರು ಬಡವಾಯಿತು. ನೆಲದಿಂದ ಬೆಳ್ಳಿ ತೆಗೆದು ಹೊರಗೆ ಕಳುಹಿಸಿದ ಊರಿನಲ್ಲಿ ಆ ಬೆಳ್ಳಿಗೆ ರೂಪ ಕೊಡುವ ಕೈಗಳು ಹೆಚ್ಚಾಗಿ ಬೆಳೆದಿರಲಿಲ್ಲ.

1929ರಲ್ಲಿ ವಿಲಿಯಂ ಸ್ಪ್ರಾಟ್ಲಿಂಗ್ ಎಂಬ ಅಮೆರಿಕದ ವಾಸ್ತುಶಿಲ್ಪಿ ತಾಸ್ಕೋದಲ್ಲಿ ನೆಲೆಸಿ, 1931ರಲ್ಲಿ ಒಂದು ಕಾರ್ಯಾಗಾರವನ್ನು ತೆರೆದನು. ಹತ್ತಿರದ ಇಗುವಾಲಾ ಪಟ್ಟಣದಿಂದ ಅಕ್ಕಸಾಲಿಗರನ್ನು ಕರೆಸಿ ಊರಿನ ಹುಡುಗರಿಗೆ ಕೆಲಸ ಕಲಿಸಿದನು. ಮೆಕ್ಸಿಕೋದ ಪುರಾತನ ಶಿಲ್ಪಗಳ ಆಕೃತಿಗಳು ಅಲ್ಲಿನ ಒಡವೆಗಳಲ್ಲಿ ಹೊಸದಾಗಿ ಮೂಡಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಸರಕು ನಿಂತುಹೋದಾಗ ಅಮೆರಿಕದ ದೊಡ್ಡ ಅಂಗಡಿಗಳು ತಾಸ್ಕೋಗೆ ಬೇಡಿಕೆ ಸಲ್ಲಿಸಿದವು. ಕೆಲಸಗಾರರ ಸಂಖ್ಯೆ ನೂರಾರಕ್ಕೆ ಏರಿತು. ಯುದ್ಧ ಮುಗಿದೊಡನೆ ಬೇಡಿಕೆ ಕುಸಿದು ಆ ದೊಡ್ಡ ಸಂಸ್ಥೆ ಮುಳುಗಿತು.

ಊರು ಮಾತ್ರ ಮುಳುಗಲಿಲ್ಲ. ಏಕೆಂದರೆ ಅಲ್ಲಿ ಕಲಿತವರು ಅಷ್ಟರಲ್ಲಿ ತಮ್ಮದೇ ಕಾರ್ಯಾಗಾರಗಳನ್ನು ತೆರೆದಿದ್ದರು. ಆಂತೋನಿಯೋ ಕಾಸ್ತಿಯೋ ಮತ್ತು ಅವರ ಸೋದರರು 1939ರಲ್ಲಿಯೇ ಸ್ವಂತ ಕಾರ್ಯಾಗಾರ ಆರಂಭಿಸಿದ್ದರು. ಸ್ಪ್ರಾಟ್ಲಿಂಗ್ 1967ರಲ್ಲಿ ತೀರಿಕೊಂಡ ಮೇಲೆಯೂ ಕಸುಬು ಮನೆಯಿಂದ ಮನೆಗೆ ಹಬ್ಬಿತು. ಇಂದು ಶನಿವಾರಗಳಂದು ತಾಸ್ಕೋದ ಬೀದಿಯಲ್ಲಿ ಬೆಳ್ಳಿಯ ಸಂತೆ ಸೇರುತ್ತದೆ. ಮಾಡಿದವರೇ ಅಲ್ಲಿ ಕುಳಿತು ಮಾರುತ್ತಾರೆ. ಗಣಿಯ ಬೆಳ್ಳಿ ಒಬ್ಬನನ್ನು ಶ್ರೀಮಂತನನ್ನಾಗಿಸಿತು. ಕಲಿತ ಕೈ ಊರಿಗೆ ಊರನ್ನೇ ಸಾಕಿತು.

ಲೆಕ್ಕದ ಪುಸ್ತಕ

ನಮ್ಮಲ್ಲಿ ಬೆಳ್ಳಿಯನ್ನು ತೂಕಕ್ಕೆ ಕೊಳ್ಳುವುದು ರೂಢಿ. ತೂಕಕ್ಕೆ ಬೆಲೆ ಕಟ್ಟಿದ ಮೇಲೆ 'ಮಜೂರಿ ಸ್ವಲ್ಪ ಬಿಡಿ' ಎಂಬ ಮಾತು ತಪ್ಪದೆ ಬರುತ್ತದೆ. ಉದಾಹರಣೆಗೆ 15 ಗ್ರಾಂ ತೂಕದ ಒಂದು ಪದಕವನ್ನು ತೆಗೆದುಕೊಳ್ಳೋಣ. ಲೆಕ್ಕದ ಅನುಕೂಲಕ್ಕಾಗಿ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಂಡರೆ ಬೆಳ್ಳಿಯ ಬೆಲೆ 1500 ರೂಪಾಯಿ. ಕೈಕೆಲಸಕ್ಕೆ ಎರಡು ದಿನ ಹಿಡಿದು, ದಿನಕ್ಕೆ 600 ರೂಪಾಯಿ ಕೂಲಿ ಎಂದರೆ 1200. ಅನಿಲ, ಬೆಸುಗೆ, ಸವೆತ, ಪೆಟ್ಟಿಗೆ ಎಲ್ಲ ಸೇರಿ 150. ಒಟ್ಟು 2850. ಇದರಲ್ಲಿ ಲಾಭವೆಂಬುದು ಇನ್ನೂ ಸೇರಿಲ್ಲ. ಕೊಳ್ಳುವವರು 500 ರೂಪಾಯಿ ಕಡಿಮೆ ಮಾಡಿಸಿಕೊಂಡರೆ ಅದು ಬೆಳ್ಳಿಯಿಂದ ಹೋಗುವುದಿಲ್ಲ, ಅನಿಲದಿಂದಲೂ ಹೋಗುವುದಿಲ್ಲ. ಎರಡು ದಿನದ ಕೂಲಿಯಿಂದಲೇ ಹೋಗುತ್ತದೆ. ನ್ಯಾಯವಾದ ಕೂಲಿಯನ್ನು ಕುರಿತು ಪೋಪ್ ಹದಿಮೂರನೆಯ ಲಿಯೋರವರು 1891ರ ತಮ್ಮ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಬೋಧಿಸಿದುದು ಕಾರ್ಖಾನೆಯ ಯಜಮಾನರಿಗೆ ಮಾತ್ರವೇ ಅನ್ವಯಿಸುವ ಮಾತಲ್ಲ.

ಇತ್ತೀಚೆಗೆ ಮತ್ತೊಂದು ತೊಡಕು ಸೇರಿದೆ. 2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗ್ರಾಂಗೆ ಒಂದು ಲಕ್ಷ ರೂಪಾಯಿಯನ್ನು ದಾಟಿ ಮೇಲೇರಿತು. ದೊಡ್ಡ ಅಂಗಡಿಗೆ ದಾಸ್ತಾನಿನ ಬೆಲೆ ಏರಿದರೆ ಲಾಭ. ಸಣ್ಣವನಿಗಾದರೋ ಮಾರಿದ ಒಡವೆಯ ಹಣದಲ್ಲಿ ಮುಂದಿನ ಒಡವೆಗೆ ಬೇಕಾದ ಬೆಳ್ಳಿ ಬರುವುದಿಲ್ಲ. ಅಂಗಡಿಯಲ್ಲಿ ಮಾರಾಟಕ್ಕಿಟ್ಟು ಬಂದ ಒಡವೆಯ ಹಣ ಮಾರಾಟವಾದ ಮೇಲಷ್ಟೇ ಕೈಸೇರುವುದರಿಂದ, ಅಲ್ಲಿಯವರೆಗೆ ಅವನ ಬಂಡವಾಳ ಪರರ ಗಾಜಿನ ಕಪಾಟಿನಲ್ಲಿ ಕುಳಿತಿರುತ್ತದೆ. ಕೆಲಸ ಒಪ್ಪಿಕೊಳ್ಳುವಾಗಲೇ ಬೆಳ್ಳಿಯ ಬೆಲೆಯಷ್ಟನ್ನು ಮುಂಗಡವಾಗಿ ಪಡೆಯುವುದು, ಲೋಹದ ಬೆಲೆ ಮತ್ತು ಮಜೂರಿಯನ್ನು ರಸೀತಿಯಲ್ಲಿ ಬೇರೆ ಬೇರೆಯಾಗಿ ಬರೆಯುವುದು, ಇವೆರಡೂ ಅವನನ್ನು ಕಾಯುವ ಕ್ರಮಗಳು.

ಮುದ್ರೆ, ತೆರಿಗೆ, ಸಾಲ

ಚಿನ್ನಕ್ಕೆ ಹಾಲ್‌ಮಾರ್ಕ್ ಮುದ್ರೆಯು 2021ರ ಜೂನ್‌ನಿಂದ ಹಂತಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಬೆಳ್ಳಿಗೆ ಭಾರತೀಯ ಮಾನಕ ಬ್ಯೂರೋ 2005ರಿಂದ ಮುದ್ರೆಯ ಸೌಲಭ್ಯ ಒದಗಿಸಿದೆ. 2025ರ ಸೆಪ್ಟೆಂಬರ್ 1ರಿಂದ ಪ್ರತಿಯೊಂದು ಬೆಳ್ಳಿಯ ಒಡವೆಗೂ ಪ್ರತ್ಯೇಕ ಗುರುತಿನ ಸಂಖ್ಯೆ ಪಡೆಯುವ ಏರ್ಪಾಡು ಸ್ವಇಚ್ಛೆಯ ನೆಲೆಯಲ್ಲಿ ಜಾರಿಗೆ ಬಂದಿತು. ಹೆಸರು ಗಳಿಸಿಲ್ಲದ ಹೊಸ ಕುಶಲಕರ್ಮಿಗೆ ಆ ಮುದ್ರೆಯೇ ದೊಡ್ಡ ಶಿಫಾರಸು.

ಬೆಳ್ಳಿಯ ಒಡವೆಗೆ ಶೇಕಡಾ 3ರಷ್ಟು ಜಿಎಸ್‌ಟಿ ಉಂಟು. ಕರ್ನಾಟಕದೊಳಗೆ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದವರು ಬೆಳ್ಳಿ ಕೊಳ್ಳುವಾಗ ತೆತ್ತ ತೆರಿಗೆಯನ್ನು ಹಿಂದಕ್ಕೆ ಪಡೆಯಲಾರರು. ಅದನ್ನೂ ಖರ್ಚಿನಲ್ಲಿ ಸೇರಿಸಬೇಕು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರ ಕಸುಬೂ ಸೇರಿದೆ. ಕುಟುಂಬದ ಒಬ್ಬರಿಗೆ ತರಬೇತಿ, ತರಬೇತಿಯ ದಿನಗಳಲ್ಲಿ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ಹಾಗೂ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿಯವರೆಗೆ ಜಾಮೀನಿಲ್ಲದ ಸಾಲ ಇದರಲ್ಲಿವೆ. ಈಗಾಗಲೇ ಆ ಕಸುಬಿನಲ್ಲಿ ತೊಡಗಿರುವ, 18 ವರ್ಷ ತುಂಬಿದವರು ಅರ್ಜಿ ಸಲ್ಲಿಸಬಹುದು. ಬಡ್ಡಿಯ ದರ ಶೇಕಡಾ 5.

ಕೊಳ್ಳುವ ಕುಟುಂಬಗಳಿಗೆ

ಪ್ರಥಮ ಪರಮಪ್ರಸಾದದ ಮಗುವಿಗೆ ಪದಕ, ಮದುಮಗಳಿಗೆ ಜಪಸರ, ತಾಯಿಯ ಕೊರಳಿಗೆ ಶಿಲುಬೆ ಎಂದು ನಮ್ಮ ಮನೆಗಳಲ್ಲಿ ಬೆಳ್ಳಿ ಕೊಳ್ಳುವ ಸಂದರ್ಭಗಳು ಹಲವು. ಆಗ ಕೆಲವು ಸಂಗತಿಗಳು ತಿಳಿದಿರಬೇಕು. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯ ಅಂಶವೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ, ಮತ್ತು ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗದು. ಒಡವೆ ಕಪ್ಪಾಯಿತೆಂದ ಮಾತ್ರಕ್ಕೆ ಅದು ಕಳಪೆಯಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಮೇಲೆ ಕಪ್ಪು ಪೊರೆಯನ್ನು ಕಟ್ಟಿಸುತ್ತದೆ. ಒಣಗಿದ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಚೀಲದಲ್ಲಿ ಇಟ್ಟರೆ ಹೊಳಪು ಬಹುಕಾಲ ಉಳಿಯುತ್ತದೆ. ಯಂತ್ರದ ಅಚ್ಚಿನಲ್ಲಿ ಸಾವಿರಗಟ್ಟಲೆ ಬರುವ ಒಡವೆಯನ್ನೂ ಕೈಯಿಂದ ಮಾಡಿದ ಒಂದು ಒಡವೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಒಂದೇ ಬೆಲೆ ಕಟ್ಟುವುದು ನ್ಯಾಯವಲ್ಲ.

ಪ್ರವಾದಿ ಮಲಾಕಿಯ ಗ್ರಂಥವು ದೇವರನ್ನು ಬೆಳ್ಳಿಯನ್ನು ಶೋಧಿಸುವ ಕುಶಲಕರ್ಮಿಗೆ ಹೋಲಿಸಿರುವುದನ್ನು ನಮ್ಮ ಓದುಗರು ಬಲ್ಲರು. ದೇವರ ಕೆಲಸಕ್ಕೆ ಉಪಮೆಯಾದ ಕಸುಬು ಕೀಳಾಗಲಾರದು. ಆ ಕಸುಬನ್ನು ಆರಿಸಿಕೊಂಡ ಮಗನನ್ನು ಅಥವಾ ಮಗಳನ್ನು ಹಿರಿಯರು ಹೀಯಾಳಿಸದಿರಲಿ. ಮುಂದಿನ ಸಲ ಒಡವೆ ಕೊಳ್ಳುವಾಗ ಶುದ್ಧತೆಯ ಮುದ್ರೆಯನ್ನು ಧಾರಾಳವಾಗಿ ಕೇಳಿರಿ, ತೂಕವನ್ನು ಕಣ್ಣಾರೆ ನೋಡಿರಿ. ಮಜೂರಿಯಲ್ಲಿ ಮಾತ್ರ ಚೌಕಾಸಿ ಮಾಡದಿರಿ.