ಡಬ್ಬಿಯ ಮೀನು, ಬಸುರಿಯ ಊಟ

ಅಂಬಾಜಿದುರ್ಗದ ತಪ್ಪಲಿನ ನಮ್ಮ ಊರಿಗೆ ಕಡಲು ಬಲು ದೂರ. ಸಂತೆಗೆ ಬರುವ ಒಣಮೀನು, ಮಳೆ ಹಿಡಿದ ವರ್ಷ ಕೆರೆಯಲ್ಲಿ ಸಿಕ್ಕುವ ಮೀನು, ನಾವು ಕಂಡದ್ದು ಇಷ್ಟೇ. ಹೀಗಿರುವಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳು ಪೆಟ್ಟಿಗೆಯಿಂದ ನಾಲ್ಕು ಟ್ಯೂನಾ ಡಬ್ಬಿಗಳನ್ನು ತೆಗೆದಿಟ್ಟಳು. "ಬಸುರಿಯಾದವಳು ಡಬ್ಬಿಯ ಮೀನು ತಿನ್ನುವುದೇನೇ?" ಎಂದು ಅವಳ ತಾಯಿ ಗಾಬರಿಯಾದಳು. "ಮಗುವಿನ ಮಿದುಳಿಗೆ ಒಳ್ಳೆಯದಮ್ಮ" ಎಂದಳು ಮಗಳು. ತೀರ್ಪು ಹೇಳುವ ಭಾರ ನನ್ನ ಮೇಲೆ ಬಿತ್ತು. ಕೇಳುಗ ಮಿತ್ರರೆ, ನಾನು ಕನ್ನಡ ಪಾಠ ಹೇಳಿದವನು, ವೈದ್ಯನಲ್ಲ. ಬಲ್ಲವರ ಬರಹಗಳಿಂದ ತಿಳಿದುದನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಮಗಳ ಮಾತಿನಲ್ಲಿ ಹುರುಳಿದೆ. ಟ್ಯೂನಾದಲ್ಲಿ ಪ್ರೋಟೀನು ಹೇರಳ. ಸೆಲೆನಿಯಂ ಇದೆ, ಬಿ-12 ಜೀವಸತ್ವವಿದೆ. ಶಿಶುವಿನ ಮಿದುಳು, ಕಣ್ಣುಗಳ ಬೆಳವಣಿಗೆಗೆ ಬೇಕಾದ ಒಮೆಗಾ-3 ಕೊಬ್ಬೂ ಇದೆ. ಡಬ್ಬಿಯೆಂದ ಮಾತ್ರಕ್ಕೆ ಹಳಸಲಲ್ಲ. ಗಾಳಿಯಾಡದಂತೆ ಮುಚ್ಚಿ ಕಾಯಿಸಿ ಆಹಾರವನ್ನು ಕೆಡದಂತಿಡುವ ವಿದ್ಯೆಯನ್ನು ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲೇ ಪುಸ್ತಕವಾಗಿ ಪ್ರಕಟಿಸಿದ್ದನು.

ತಾಯಿಯ ಭಯವೂ ಬುಡವಿಲ್ಲದ್ದಲ್ಲ. ಚುರುಕಾದ ಮಗುವನ್ನು ನಾವು 'ಪಾದರಸದಂಥ ಮಗು' ಎಂದು ಹೊಗಳುತ್ತೇವೆ. ಆದರೆ ಪಾದರಸ ಗರ್ಭದ ಶಿಶುವನ್ನು ಮುಟ್ಟಿದರೆ ಆ ಚುರುಕನ್ನೇ ಕುಂದಿಸುತ್ತದೆ. ಕಲ್ಲಿದ್ದಲ ಹೊಗೆಯಿಂದಲೂ ಗಣಿಗಳಿಂದಲೂ ಹೊರಟ ಪಾದರಸ ಕಡಲು ಸೇರಿ, ಸೂಕ್ಷ್ಮಜೀವಿಗಳಿಂದ ಮೀಥೈಲ್ ಪಾದರಸವಾಗುತ್ತದೆ. ಕಿರುಮೀನನ್ನು ಹಿರಿಮೀನು ನುಂಗಿದಂತೆಲ್ಲ ಅದು ಹಿರಿದರಲ್ಲಿ ಕೂಡುತ್ತ ಹೋಗುತ್ತದೆ. ಬೇಯಿಸಿದರೂ ಹೋಗದು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದರ ಕೊಳೆನೀರು ಕೊಲ್ಲಿಯ ಮೀನಿಗೆ ಸೇರಿ ಬಂದ ರೋಗ 1956ರಲ್ಲಿ ಬೆಳಕಿಗೆ ಬಂದಿತು. ಅಲ್ಲಿ ಮೇಲುನೋಟಕ್ಕೆ ಆರೋಗ್ಯವಾಗಿದ್ದ ತಾಯಂದಿರಿಗೂ ಮಿದುಳು ಊನವಾದ ಮಕ್ಕಳು ಹುಟ್ಟಿದರು.

ಮಿನಮಾಟದ ವಿಷಕ್ಕೂ ಅಂಗಡಿಯ ಡಬ್ಬಿಗೂ ಬಹಳ ಅಂತರವುಂಟು. ಆದರೂ ಯಾವ ಟ್ಯೂನಾ, ಎಷ್ಟು ಎಂಬುದನ್ನು ಕೇಳಲೇಬೇಕು. ಚಿಕ್ಕ ಜಾತಿಯಾದ ಸ್ಕಿಪ್‌ಜಾಕ್ ಡಬ್ಬಿಯಲ್ಲಿ ಪಾದರಸ ಕಿಲೋಗೆ ಸುಮಾರು 0.13 ಮಿಲಿಗ್ರಾಂ, ಬಿಳಿ ಮಾಂಸದ ಅಲ್ಬಕೋರಿನಲ್ಲಿ 0.35. ಗರ್ಭಿಣಿಯರು ಮೊದಲನೆಯದನ್ನು ವಾರಕ್ಕೆ ಎರಡು ಮೂರು ಸಲ, ಸಲಕ್ಕೆ 113 ಗ್ರಾಂನಂತೆ ತಿನ್ನಬಹುದು. ಎರಡನೆಯದಾದರೆ ವಾರಕ್ಕೆ ಒಂದೇ ಸಲ, ಆ ವಾರ ಬೇರೆ ಮೀನು ಬೇಡ ಎಂಬುದು ಅಮೆರಿಕ ಸರ್ಕಾರದ ಸಲಹೆ.

ರಕ್ತದೊತ್ತಡವುಳ್ಳವರು ಡಬ್ಬಿಯ ಉಪ್ಪುನೀರನ್ನು ಬಸಿದುಬಿಡಬೇಕು. ಉಬ್ಬಿದ ಡಬ್ಬಿಯನ್ನು ತೆರೆಯದೆ ಎಸೆಯಬೇಕು. ತೆರೆದು ಉಳಿದುದನ್ನು ಬೇರೆ ಪಾತ್ರೆಗೆ ಹಾಕಿ ತಣ್ಣಗಿಡಬೇಕು. ಬೆಚ್ಚಗೆ ಬಿಟ್ಟರೆ ಹುಟ್ಟುವ ಹಿಸ್ಟಮಿನ್ ಎಂಬ ನಂಜು ಮತ್ತೆ ಕುದಿಸಿದರೂ ಅಳಿಯದು.

ಕನ್ನಡಕ ಏರಿಸಿ ಡಬ್ಬಿಗಳ ಸಣ್ಣಕ್ಷರಗಳನ್ನು ಓದಿದೆ. ಮೂರು ಸ್ಕಿಪ್‌ಜಾಕ್, ಒಂದು ಅಲ್ಬಕೋರ್. ಮೂರನ್ನು ತಾಯಿಯೇ ಅಡುಗೆಮನೆಗೆ ಒಯ್ದಳು. ನಾಲ್ಕನೆಯದನ್ನು ಮಗಳು, "ಇದು ನಿಮಗಿರಲಿ, ಅಪ್ಪ" ಎಂದು ನನ್ನ ಕೈಗಿತ್ತಳು.