ಗೆಜ್ಜೆ ಬಿಚ್ಚದ ಹಾಡುಗಾರ

ರಾಯಚೂರು ಸೀಮೆಯ ದೇವಸುಗೂರಿನ ಕಡೆಯವರಿಗೆ ಹಾಡುವವರ ಕಾಲಲ್ಲಿ ಗೆಜ್ಜೆ ಕಂಡರೆ ಬೆರಗೇನೂ ಆಗುವುದಿಲ್ಲ. ವೀರಭದ್ರನ ಜಾತ್ರೆಗಳಲ್ಲಿ ಒಡಪು ಹೇಳುವ ಪುರವಂತರ ದನಿ ಏರಿದಂತೆ ಹೆಜ್ಜೆಯೂ ಏರುತ್ತದೆ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಬೆಳೆಸಿದ ದಾಸಪರಂಪರೆಯಲ್ಲೂ ತಂಬೂರಿ, ತಾಳ, ಗೆಜ್ಜೆ ಒಟ್ಟಿಗೇ ಇದ್ದವು. ಆದರೆ ಇದೇ ಗೆಜ್ಜೆ ಗಿಟಾರಿನ ಜೊತೆ ವೇದಿಕೆ ಹತ್ತಿದಾಗ ಮ್ಯೂಸಿಕ್ ಕಂಪನಿಗಳು ಕೈ ಚೆಲ್ಲಿದವು.

ಹಾಗೆ ವೇದಿಕೆ ಹತ್ತಿದವರು ರಘು ದೀಕ್ಷಿತ್. ಹುಟ್ಟಿದ್ದು 1974ರಲ್ಲಿ, ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ. ಶಾಸ್ತ್ರೋಕ್ತವಾಗಿ ಕಲಿತ ಕಲೆ ಭರತನಾಟ್ಯ. ಸಂಗೀತವನ್ನು ಅವರು ಯಾವ ಗುರುವಿನ ಮುಂದೆಯೂ ಕೂತು ಕಲಿತವರಲ್ಲ. ಕಾಲೇಜಿನಲ್ಲಿ ಗೆಳೆಯನೊಬ್ಬ ನಾಟ್ಯವೆಂದರೆ ಹೆಣ್ಣುಮಕ್ಕಳದ್ದು ಎಂದು ಹಂಗಿಸಿದನಂತೆ. ಸರಿ, ಎರಡು ತಿಂಗಳಲ್ಲಿ ನಾನು ಗಿಟಾರ್ ಕಲಿತು ತೋರಿಸುತ್ತೇನೆ, ಅಷ್ಟರಲ್ಲಿ ನೀನು ನಾಟ್ಯ ಕಲಿ ಎಂದು ಪಂತ ಕಟ್ಟಿದರು. ಸಂದರ್ಶನಗಳಲ್ಲಿ ಅವರು ಹೇಳಿಕೊಂಡು ಬಂದಿರುವ ಕಥೆ ಇದು. ಪಂತಕ್ಕೆ ಹಿಡಿದ ಗಿಟಾರ್ ಕೈ ಬಿಡಲಿಲ್ಲ.

ಓದಿಗೆ ತಕ್ಕ ನೌಕರಿ ಬೆಲ್ಜಿಯಂನಲ್ಲಿ ಸಿಕ್ಕಿತು. ಅಲ್ಲಿನ ರೇಡಿಯೊದಲ್ಲಿ ಹಾಡುವ ಅವಕಾಶವೂ ಒದಗಿತು. ಕನ್ನಡ ಬಾರದವರೂ ಕಿವಿಗೊಟ್ಟರು ಎನ್ನುವ ಧೈರ್ಯದ ಮೇಲೆ ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿದರು. ಅವರು ಕಟ್ಟಿದ ತಂಡದ ಹೆಸರು ‘ಅಂತರಾಗ್ನಿ’. ಕಷ್ಟ ಶುರುವಾದದ್ದು ಇಲ್ಲಿಂದ.

ಆಗ ಕನ್ನಡ ಹಾಡಿನ ಅಂಗಡಿಯಲ್ಲಿ ಸಿನಿಮಾ, ಭಾವಗೀತೆ, ಜಾನಪದ, ಭಕ್ತಿಗೀತೆ ಎಂಬ ಲೆಕ್ಕ. ಸಂತಕವಿ ಶಿಶುನಾಳ ಷರೀಫರ ತತ್ವಪದಕ್ಕೆ ಡ್ರಮ್ಸ್, ಬೇಸ್ ಗಿಟಾರ್, ಪಿಟೀಲು ಸೇರಿಸಿ, ಅದರ ಬೆನ್ನಿಗೇ ಒಂದು ಹಿಂದಿ ಹಾಡು ಹೇಳುವವನನ್ನು ಯಾವ ಸಾಲಿಗೆ ಸೇರಿಸುವುದು? ವರ್ಷಗಟ್ಟಲೆ ಅಲೆದರೂ ಯಾವ ಕಂಪನಿಯೂ ಆಲ್ಬಂ ಮಾಡಲು ಒಪ್ಪಲಿಲ್ಲ. ಈ ನಡುವೆ ತಂಡವೂ ಒಡೆಯಿತು. ಆಮೇಲೆ ಹುಟ್ಟಿದ್ದೇ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಕಲಾವಿದರು ಬರಬಹುದು, ಹೋಗಬಹುದು, ತಂಡ ಮಾತ್ರ ನಿಲ್ಲಬಾರದು ಎಂಬ ಏರ್ಪಾಟು ಅದು. ಪೆಟ್ಟು ತಿಂದವರಿಗಷ್ಟೇ ಹೊಳೆಯುವ ಉಪಾಯ.

ಕೊನೆಗೆ ಮುಂಬೈಯ ಒಂದು ಕಾರ್ಯಕ್ರಮದಲ್ಲಿ ಇವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಮುಂದೆ ಬಂದರು. ಮೊದಲ ಆಲ್ಬಂ 2008ರಲ್ಲಿ ಹೊರಬಂತು. ಅದೇ ವರ್ಷ ‘ಸೈಕೋ’ ಚಿತ್ರದ ಮಹದೇಶ್ವರನ ಹಾಡು ಕರ್ನಾಟಕದ ಮನೆಮಾತಾಯಿತು. ಕಂಪನಿಗಳಿಗೆ ಬೇಡವಾಗಿದ್ದ ಕಂಠವನ್ನು ಊರೂರಿಗೆ ಮುಟ್ಟಿಸಿದ್ದು ಸಿನಿಮಾ ಎನ್ನುವುದು ನಮ್ಮ ಮಾರುಕಟ್ಟೆಯ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳುತ್ತದೆ. ಆಮೇಲೆ ಬ್ರಿಟನ್ನೂ ಕಿವಿಗೊಟ್ಟಿತು: 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ.

ಅಲ್ಲೆಲ್ಲ ಅವರು ನಿಂತದ್ದು ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು. ಇದನ್ನು ಬರೀ ವೇಷವೆನ್ನುವವರಿದ್ದಾರೆ. ವೇಷವೂ ಹೌದು. ಆದರೆ ಭಾಷೆ ತಿಳಿಯದ ಸಭೆಗೆ ಹಾಡಿನ ನಡೆ ಮೊದಲು ಮುಟ್ಟುವುದು ಹೆಜ್ಜೆಯಿಂದಲೇ. ವೇದಿಕೆಯ ಉದ್ದಗಲವನ್ನು ಅಳುಕಿಲ್ಲದೆ ಬಳಸುವ ರೂಢಿ, ಮುಖದಲ್ಲೇ ಕಥೆ ಹೇಳುವ ಚಾಳಿ ನಾಟ್ಯದಿಂದ ಬಂದವು. ಗಿಟಾರಿನಲ್ಲಿ ಅವರಿಗಿಂತ ಪಳಗಿದವರು ಬೆಂಗಳೂರಿನಲ್ಲೇ ಎಷ್ಟೋ ಜನ ಸಿಗುತ್ತಾರೆ. ಸಭೆಯನ್ನು ಹೀಗೆ ಕುಣಿಸುವವರು ಕಡಿಮೆ.

ಏಕತಾರಿ, ದಮ್ಮಡಿಯ ಮೇಲೆ ತತ್ವಪದ ಕೇಳಿ ಬೆಳೆದ ರಾಯಚೂರು ಸೀಮೆಯ ಹಿರಿಯರಿಗೆ ಡ್ರಮ್ಸ್ ಗದ್ದಲವೆನಿಸಬಹುದು. ಷರೀಫರ ಮಾಳಿಗೆ ಸೋರುವ ಪದವನ್ನು ಗಾಯಕ ಸಿ. ಅಶ್ವತ್ಥರ ದನಿಯಲ್ಲಿ ಕೇಳಿದವರಿಗೆ ಇನ್ನೊಂದು ದನಿ ಒಗ್ಗುವುದೂ ಕಷ್ಟ. ಆದರೂ ರಘು ಹಾಡಿದಲ್ಲಿ ಷರೀಫರ ಒಂದು ಮಾತೂ ವಾದ್ಯದಡಿ ಮುಚ್ಚಿಹೋಗುವುದಿಲ್ಲ. ಇವರನ್ನು ಈವರೆಗೆ ಸಿನಿಮಾ ಹಾಡಿನಿಂದಷ್ಟೇ ಬಲ್ಲವರು ಮೊದಲ ಆಲ್ಬಂನಲ್ಲಿರುವ ಷರೀಫರ ಪದಗಳಿಂದ ಕೇಳಲು ಶುರು ಮಾಡಬಹುದು.