ಬರೆದ ಲೆಕ್ಕ, ನೋಡಿದ ಲೆಕ್ಕ

ಇಟಲಿಯ ಪಾರ್ಮಾ ನಗರಕ್ಕೆ ಅನತಿದೂರದಲ್ಲಿರುವ ಕೊಲ್ಲೆಕ್ಕಿಯೋ ಎಂಬ ಚಿಕ್ಕ ಊರಿನಲ್ಲಿ ಜನ್ಮವೆತ್ತಿ, ಬಹುಕಾಲ ಕೆಡದಂತೆ ಕಾಯಿಸಿದ ಹಾಲನ್ನು ಕಾಗದದ ಪೊಟ್ಟಣಗಳಲ್ಲಿ ತುಂಬಿ ಹತ್ತಾರು ದೇಶಗಳಲ್ಲಿ ಮಾರುತ್ತ ಬೃಹದಾಕಾರವಾಗಿ ಬೆಳೆದಿದ್ದ ಪಾರ್ಮಲಾಟ್ ಕಂಪನಿಯು 2003ರ ಡಿಸೆಂಬರ್ ತಿಂಗಳಲ್ಲಿ ಕುಸಿದುಬಿದ್ದುದಕ್ಕೆ ಒಂದು ಕಾಗದ ನಿಮಿತ್ತವಾಯಿತು. ಕೇಮನ್ ದ್ವೀಪಗಳಲ್ಲಿ ನೋಂದಣಿಯಾಗಿದ್ದ ಬೋನ್‌ಲಾಟ್ ಎಂಬ ಅದರ ಉಪಸಂಸ್ಥೆಯ ಹೆಸರಿನಲ್ಲಿ ಬ್ಯಾಂಕ್ ಆಫ್ ಅಮೆರಿಕದಲ್ಲಿ 395 ಕೋಟಿ ಯೂರೋ ಠೇವಣಿಯಿದೆ ಎಂದು ಆ ಕಾಗದ ಸಾರುತ್ತಿದ್ದಿತು. ಡಿಸೆಂಬರ್ 19ರಂದು ಬ್ಯಾಂಕು, ಅಂಥ ಖಾತೆಯೇ ತನ್ನಲ್ಲಿಲ್ಲವೆಂದೂ ಕಾಗದವು ಕೃತ್ರಿಮವೆಂದೂ ತಿಳಿಸಿತು. ಬ್ಯಾಂಕಿನ ಲಾಂಛನವನ್ನು ಬೇರೊಂದು ಪತ್ರದಿಂದ ಸ್ಕ್ಯಾನ್ ಮಾಡಿ ತೆಗೆದು, ತಾವೇ ರಚಿಸಿದ ಒಕ್ಕಣೆಯ ನೆತ್ತಿಗೆ ಅಂಟಿಸಿ, ಹೊಸತನದ ಹೊಳಪು ಅಳಿಯಲೆಂದು ಅದನ್ನು ಫ್ಯಾಕ್ಸ್ ಯಂತ್ರದಲ್ಲಿ ಮತ್ತೆ ಮತ್ತೆ ತೂರಿಸಿ ಮಸುಕುಗೊಳಿಸಿದ್ದರೆಂಬುದು ತನಿಖೆಯ ಕಾಲದಲ್ಲಿ ಹೊರಬಿದ್ದಿತು. ಕಂಪನಿಯ ಸಾಲ ಸುಮಾರು 1,400 ಕೋಟಿ ಯೂರೋಗಳಷ್ಟಿದ್ದಿತು. ಆ ಸಾಲಕ್ಕೆ ಆಧಾರವೆಂದು ನಂಬಿದ್ದ ಹಣ ಕಾಗದದ ಮೇಲಿನ ಶಾಯಿ ಮಾತ್ರವಾಗಿದ್ದಿತು.

ಲೆಕ್ಕಪರಿಶೋಧನೆಯ ವಿದ್ಯೆಯಲ್ಲಿ ಇದಕ್ಕಿಂತ ಸರಳವಾದ ಪಾಠ ಮತ್ತೊಂದಿಲ್ಲ. ಕಂಪನಿಯು ತನ್ನ ಹಣ ಇಂಥ ಬ್ಯಾಂಕಿನಲ್ಲಿದೆ ಎಂದರೆ, ಆಡಿಟರನು ಕಂಪನಿಯ ಮಾತನ್ನಾಗಲಿ ಅದು ತಂದು ಮುಂದಿಟ್ಟ ಪತ್ರಗಳನ್ನಾಗಲಿ ಪ್ರಮಾಣವೆಂದು ಗ್ರಹಿಸದೆ, ತಾನೇ ಬ್ಯಾಂಕಿಗೆ ಬರೆದು, ಉತ್ತರವು ನೇರವಾಗಿ ತನ್ನ ಕೈಗೇ ಬಂದು ಸೇರುವಂತೆ ನೋಡಿಕೊಳ್ಳತಕ್ಕದ್ದು. ಪ್ರಶ್ನೆಯಾಗಲಿ ಉತ್ತರವಾಗಲಿ ನಡುದಾರಿಯಲ್ಲಿ ಕಂಪನಿಯವರ ಕೈಸೇರಿ ಹೊರಬಂದರೆ ಆ ಸಾಕ್ಷ್ಯದ ಬೆಲೆ ಅಲ್ಲಿಗೇ ಮುಗಿಯಿತು. ಆಡಿಟರುಗಳು ಕಂಪನಿಯೊಡನೆ ಬಹುಕಾಲ ಸಲಿಗೆಯಿಂದಿದ್ದರೆ ದೃಷ್ಟಿ ಮಂದವಾದೀತೆಂಬ ಶಂಕೆಯಿಂದ, ನಿಯತಕಾಲದ ಮೇಲೆ ಅವರನ್ನು ಬದಲಾಯಿಸಲೇಬೇಕೆಂಬ ಶಾಸನವನ್ನು ಯುರೋಪಿನ ಇತರ ದೇಶಗಳು ಯೋಚಿಸುವುದಕ್ಕೂ ಎಷ್ಟೋ ಮೊದಲೇ ಮಾಡಿದ್ದುದೂ ಇಟಲಿಯೇ. ಆ ಶಾಸನದಂತೆ 1999ರಲ್ಲಿ ಪಾರ್ಮಲಾಟಿನ ಪ್ರಧಾನ ಆಡಿಟ್ ಗ್ರಾಂಟ್ ಥಾರ್ನ್‌ಟನ್ ಸಂಸ್ಥೆಯಿಂದ ಡೆಲಾಯಿಟ್ ಸಂಸ್ಥೆಗೆ ವರ್ಗವಾಯಿತು. ಆದರೆ ಬೋನ್‌ಲಾಟಿನಂಥ ಉಪಸಂಸ್ಥೆಗಳ ಲೆಕ್ಕ ಹಳೆಯವರ ಕೈಯಲ್ಲಿಯೇ ಉಳಿಯಿತು. ಶಾಸನದ ಅಕ್ಷರ ಪಾಲಿತವಾಯಿತು, ಮೋಸ ನಡೆಯುತ್ತಿದ್ದ ಕೋಣೆಗೆ ಮಾತ್ರ ಹೊಸಬರ ಕಣ್ಣು ಬೀಳಲಿಲ್ಲ.

ಹದಿನೇಳು ವರ್ಷಗಳ ತರುವಾಯ, ವಿಧಿನಿಯಮಗಳಿಗೆ ಹೆಸರಾದ ಜರ್ಮನಿಯಲ್ಲಿ, ಇದೇ ಕಥೆ ಪಾತ್ರಗಳ ಹೆಸರು ಬದಲಾಗಿ ಮರಳಿ ನಡೆಯಿತು. ಮ್ಯೂನಿಕ್ ನಗರದ ಹೊರವಲಯದ ಆಶ್‌ಹೈಮ್‌ನಲ್ಲಿದ್ದ ವೈರ್‌ಕಾರ್ಡ್ ಎಂಬ ಹಣಪಾವತಿ ಕಂಪನಿಯು 2018ರ ಸೆಪ್ಟೆಂಬರಿನಲ್ಲಿ, ಪುರಾತನವಾದ ಕಾಮರ್ಸ್‌ಬ್ಯಾಂಕನ್ನು ಹೊರದೂಡಿ, ಆ ದೇಶದ ಅಗ್ರಗಣ್ಯ ಕಂಪನಿಗಳ ಷೇರು ಸೂಚ್ಯಂಕವಾದ ಡಾಕ್ಸ್‌ನೊಳಗೆ ಪ್ರವೇಶಿಸಿತ್ತು. ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಅದರ ಲೆಕ್ಕಪತ್ರಗಳ ವಿಷಯದಲ್ಲಿ ಸಂದೇಹಗಳನ್ನು ಒಂದಾದ ಮೇಲೊಂದರಂತೆ ಪ್ರಕಟಿಸಿದಾಗ ಜರ್ಮನಿಯ ಹಣಕಾಸು ನಿಯಂತ್ರಣ ಸಂಸ್ಥೆಯಾದ ಬಾಫಿನ್, ಕಂಪನಿಯನ್ನು ವಿಚಾರಿಸುವುದರ ಬದಲು, ಆ ಷೇರಿನ ಬೆಲೆ ಇಳಿಯುವುದೆಂದು ಹಣ ಹೂಡುವುದನ್ನು 2019ರ ಫೆಬ್ರವರಿಯಲ್ಲಿ ಎರಡು ತಿಂಗಳ ಕಾಲ ನಿಷೇಧಿಸಿತು. ಅಷ್ಟಕ್ಕೇ ನಿಲ್ಲದೆ ಪತ್ರಕರ್ತರ ಮೇಲೆ ದೂರನ್ನೂ ಕೊಟ್ಟಿತು. ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗಿದವನನ್ನೇ ಠಾಣೆಗೆ ಕರೆದೊಯ್ದಂತಾಯಿತು. 2020ರ ಜೂನ್ 18ರಂದು ಆಡಿಟ್ ಸಂಸ್ಥೆಯಾದ ಇ.ವೈ., 190 ಕೋಟಿ ಯೂರೋಗಳ ಇರವಿಗೆ ಸಾಕಷ್ಟು ಪುರಾವೆ ದೊರೆತಿಲ್ಲವೆಂದು ರುಜು ಹಾಕಲು ನಿರಾಕರಿಸಿತು. ಹಣವನ್ನಿಟ್ಟುಕೊಂಡಿವೆಯೆಂದು ಹೇಳಲಾಗಿದ್ದ ಫಿಲಿಪ್ಪೀನ್ಸಿನ ಎರಡು ಬ್ಯಾಂಕುಗಳು, ಆ ಕಂಪನಿ ತಮ್ಮ ಗ್ರಾಹಕನೇ ಅಲ್ಲವೆಂದವು. ಜೂನ್ 25ರಂದು ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ನಮ್ಮ ದೇಶದ ಓದುಗರಿಗೆ ಈ ಎರಡು ಘಟನೆಗಳ ನಡುವೆ, 2009ರ ಜನವರಿಯಲ್ಲಿ, ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು 5,040 ಕೋಟಿ ರೂಪಾಯಿಗಳ ಬ್ಯಾಂಕ್ ಶಿಲ್ಕು ಇಲ್ಲವೇ ಇಲ್ಲವೆಂದು ಬರೆದುಕೊಟ್ಟ ಪತ್ರ ನೆನಪಿಗೆ ಬಾರದಿರದು. ಮೂರು ದೇಶಗಳು, ಮೂರು ಬಗೆಯ ವ್ಯಾಪಾರ. ಕಾಣೆಯಾದುದು ಮಾತ್ರ, ಯಾವ ಲೆಕ್ಕಿಗನಾದರೂ ಎಲ್ಲಕ್ಕಿಂತ ಸುಲಭವಾಗಿ ಪರೀಕ್ಷಿಸಬಹುದಾದ ನಗದು!

ಇಂಥ ಅನಾಹುತಗಳಾದಾಗಲೆಲ್ಲ ಸರ್ಕಾರಗಳು ಮಾಡುವ ಮೊದಲ ಕೆಲಸವೆಂದರೆ ಹೊಸ ನಿಯಮವೊಂದನ್ನು ಬರೆಯುವುದು. ನಿಯಮದಿಂದ ನಿಜವಾಗಿ ಆಗುವ ಪ್ರಯೋಜನವೆಷ್ಟೆಂಬುದನ್ನು ಅಳೆಯುವ ವಿದ್ವಾಂಸರ ಒಂದು ಸಂತತಿ ಯುರೋಪಿನಲ್ಲಿ ಬೆಳೆದುಬಂದಿದೆ; 1977ರಲ್ಲಿ ಸ್ಥಾಪಿತವಾದ ಯುರೋಪಿಯನ್ ಅಕೌಂಟಿಂಗ್ ಅಸೋಸಿಯೇಷನ್ ಅವರ ಕೂಡುತಾಣ. ಅವರಿಗೆ ದೊರೆತ ಅತ್ಯಂತ ವಿಶಾಲವಾದ ಪ್ರಯೋಗಶಾಲೆಯೆಂದರೆ 2005ನೆಯ ಇಸವಿ. ಆ ವರ್ಷದಿಂದ ಯುರೋಪ್ ಒಕ್ಕೂಟದ ಷೇರುಪೇಟೆಗಳಲ್ಲಿ ನಮೂದಾದ ಕಂಪನಿಗಳೆಲ್ಲವೂ, ಸ್ವದೇಶದ ಪದ್ಧತಿಗಳನ್ನು ಬದಿಗಿರಿಸಿ, ತಮ್ಮ ಸಮೂಹದ ಕ್ರೋಡೀಕೃತ ಲೆಕ್ಕವನ್ನು ಏಕರೂಪವಾದ ಅಂತರರಾಷ್ಟ್ರೀಯ ಮಾನದಂಡಗಳಂತೆಯೇ ಬರೆಯಬೇಕಾಯಿತು. ಷೇರು ಕೊಳ್ಳುವವನ ಬೆಲೆಗೂ ಮಾರುವವನ ಬೆಲೆಗೂ ನಡುವಣ ಅಂತರ ಕಿರಿದಾಗಿ ವ್ಯವಹಾರ ಸಲೀಸಾದುದು ಅಂಕಿಗಳಲ್ಲಿ ಕಂಡುಬಂದಿತು; ಮಾನದಂಡಗಳ ಪಕ್ಷಪಾತಿಗಳು ಹಿಗ್ಗಿದರು. ಆದರೆ ಹ್ಯಾನ್ಸ್ ಕ್ರಿಸ್ಟೆನ್ಸೆನ್, ಲುಟ್ಸಿ ಹೈಲ್, ಕ್ರಿಶ್ಚಿಯನ್ ಲಾಯಿಟ್ಸ್ ಎಂಬ ಮೂವರು ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಲಾಭವನ್ನು ದೇಶವಾರಾಗಿ ವಿಂಗಡಿಸಿ ನೋಡಿದಾಗ, ಅದು ಬಹುಮಟ್ಟಿಗೆ ಫಿನ್ಲೆಂಡ್, ಜರ್ಮನಿ, ನೆದರ್ಲೆಂಡ್ಸ್, ನಾರ್ವೆ, ಬ್ರಿಟನ್ ಎಂಬ ಐದು ದೇಶಗಳಲ್ಲಿಯೇ ಸಾಂದ್ರವಾಗಿದ್ದುದು ಕಂಡಿತು. ಹೊಸ ಮಾನದಂಡಗಳ ಜೊತೆಜೊತೆಗೆ, ವರದಿಗಳನ್ನು ತೆರೆದು ಪರೀಕ್ಷಿಸುವ ವ್ಯವಸ್ಥೆಯನ್ನೂ ಬಿಗಿಗೊಳಿಸಿದ ದೇಶಗಳು ಅವೇ. ಉಳಿದೆಡೆಗಳಲ್ಲಿ ಬರಹದ ಭಾಷೆ ಬದಲಾಯಿತು; ಅದನ್ನು ಪ್ರಶ್ನಿಸುವವರು ಹುಟ್ಟಲಿಲ್ಲ.

ಈ ಪಟ್ಟಿಯಲ್ಲಿ ಜರ್ಮನಿಯ ಹೆಸರಿರುವುದನ್ನು ಓದುಗರು ಗಮನಿಸಿರಬಹುದು. 2005ರಲ್ಲಿ ಅಲ್ಲಿ ಕೆಲಸ ಆರಂಭಿಸಿದ ಖಾಸಗಿ ಪರಿಶೀಲನಾ ಮಂಡಲಿಯಲ್ಲಿದ್ದ ಪರೀಕ್ಷಕರು ಹದಿನೈದು ಮಂದಿಯ ಆಸುಪಾಸಿನವರು. ಒಡ್ಡಿದ ಕಾಗದಗಳನ್ನು ನೋಡಬಲ್ಲವರೇ ಹೊರತು, ವಂಚಕನ ಬೀರುವನ್ನು ತೆರೆಸುವ ಅಧಿಕಾರ ಅವರಿಗಿರಲಿಲ್ಲ. ಪ್ರಾಮಾಣಿಕನ ಅಜಾಗರೂಕತೆಯನ್ನು ತಿದ್ದಲು ಅಷ್ಟು ಸಾಕಾಗಿತ್ತು, ದುರುಳನನ್ನು ಹಿಡಿಯಲು ಸಾಲಲಿಲ್ಲ. ವೈರ್‌ಕಾರ್ಡ್ ಪ್ರಕರಣದ ಮೇಲೆ 2021ರ ಹೊಸ ಶಾಸನವು ಆ ಮಂಡಲಿಯನ್ನು ಮುಚ್ಚಿ, ಅಧಿಕಾರವನ್ನೆಲ್ಲ ಬಾಫಿನ್ನಿಗೇ ವಹಿಸಿತು. ಪತ್ರಕರ್ತರ ಮೇಲೆ ದೂರು ಕೊಟ್ಟಿದ್ದ ಸಂಸ್ಥೆ ಅದೇ ಎಂಬುದನ್ನು ನೆನೆದರೆ ಕಿರುನಗೆ ಬಾರದಿರದು.

ಈಗ ಯುರೋಪಿನಲ್ಲಿ ಚರ್ಚೆಯ ಕೇಂದ್ರ ಹಣದ ಲೆಕ್ಕದಿಂದ ಹೊಗೆಯ ಲೆಕ್ಕಕ್ಕೆ ಸರಿದಿದೆ. ಕಂಪನಿಯು ಎಷ್ಟು ಇಂಗಾಲವನ್ನು ವಾಯುವಿಗೆ ಬಿಡುತ್ತದೆ, ಎಷ್ಟು ನೀರು ಬಳಸುತ್ತದೆ, ತನ್ನ ಕೆಲಸಗಾರರನ್ನೂ ಸರಕು ಒದಗಿಸುವವರ ಕೆಲಸಗಾರರನ್ನೂ ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ತಿಳಿಸುವ ಸುಸ್ಥಿರತಾ ವರದಿಯನ್ನು, 500ಕ್ಕಿಂತ ಹೆಚ್ಚು ನೌಕರರುಳ್ಳ ದೊಡ್ಡ ಸಾರ್ವಜನಿಕ ಸಂಸ್ಥೆಗಳಿಗೆ ಕಡ್ಡಾಯ ಮಾಡಿದುದು 2014ರ ನಿರ್ದೇಶನ; 2023ರ ಜನವರಿಯಲ್ಲಿ ಜಾರಿಗೆ ಬಂದ ಎರಡನೆಯ ನಿರ್ದೇಶನ ಅದರ ವ್ಯಾಪ್ತಿಯನ್ನು ಸುಮಾರು 50,000 ಕಂಪನಿಗಳಿಗೆ ಹಿಗ್ಗಿಸಲು ಹೊರಟಿತು. ಬ್ರಸೆಲ್ಸಿನ ಎಫ್‌ರಾಗ್ ಎಂಬ ಮಂಡಲಿ ಸಿದ್ಧಪಡಿಸಿದ ಹನ್ನೆರಡು ಮಾನದಂಡಗಳಲ್ಲಿ ಸಾವಿರಕ್ಕೂ ಮಿಕ್ಕ ಮಾಹಿತಿಗಳ ಬೇಡಿಕೆಯಿದ್ದಿತು. ಲೋಕದ ವಿಪತ್ತುಗಳಿಂದ ಕಂಪನಿಯ ಲಾಭಕ್ಕೆ ಏನು ಹಾನಿಯೆಂಬುದನ್ನಷ್ಟೇ ಅಲ್ಲದೆ, ಕಂಪನಿಯ ನಡೆಯಿಂದ ಲೋಕಕ್ಕೆ ಏನು ಹಾನಿಯೆಂಬುದನ್ನೂ ಹೇಳಬೇಕೆಂಬ ಎರಡು ಮುಖದ ತತ್ತ್ವ ಇದರ ತಿರುಳು. ಅಮೆರಿಕನ್ನರಿಗೆ ಅರಗದ ಈ ಎರಡನೆಯ ಮುಖ ಯುರೋಪಿನ ಸ್ವಂತ ಕಾಣಿಕೆಯೆಂದೇ ನನ್ನ ಎಣಿಕೆ.

ವರದಿ ಬರೆದ ಮಾತ್ರಕ್ಕೆ ಹೊಗೆ ಕಡಿಮೆಯಾದೀತೆ? ಬ್ರಿಟನ್ ದೇಶವು 2013ರಲ್ಲಿ ಷೇರುಪೇಟೆಯ ಕಂಪನಿಗಳು ತಮ್ಮ ವಾರ್ಷಿಕ ವರದಿಯಲ್ಲಿ ಹಸಿರುಮನೆ ಅನಿಲದ ಪ್ರಮಾಣವನ್ನು ಪ್ರಕಟಿಸಬೇಕೆಂದು ವಿಧಿಸಿತು. ಬೆನೆಡಿಕ್ಟ್ ಡೌನಾರ್ ಮತ್ತು ಸಹೋದ್ಯೋಗಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ವಿಧಿಗೆ ಒಳಪಟ್ಟ ಕಂಪನಿಗಳ ಕಾರ್ಖಾನೆಗಳಿಂದ ಹೊರಟ ಅನಿಲ, ಒಳಪಡದ ಯುರೋಪಿನ ಇತರ ಕಾರ್ಖಾನೆಗಳಿಗೆ ಹೋಲಿಸಿದರೆ, ಸುಮಾರು ಶೇಕಡ 8ರಷ್ಟು ತಗ್ಗಿತು. ಲಾಭದ ಪ್ರಮಾಣಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಬರಲಿಲ್ಲ. 2014ರ ನಿರ್ದೇಶನವನ್ನು ಕುರಿತು ಫೀಕ್ಟರ್, ಹಿಟ್ಸ್, ಲೇಮನ್ ಎಂಬುವರು ನಡೆಸಿದ ಪರಿಶೀಲನೆಯಲ್ಲಿಯೂ, ಹಿಂದುಳಿದಿದ್ದ ಕಂಪನಿಗಳೇ, ಶಾಸನ ಜಾರಿಗೆ ಬರುವುದಕ್ಕೂ ಮುನ್ನವೇ, ತಮ್ಮ ನಡವಳಿಕೆಯನ್ನು ಹೆಚ್ಚಾಗಿ ತಿದ್ದಿಕೊಂಡುದು ಕಾಣಬಂದಿತು. ನಾಲ್ಕು ಜನರ ಮುಂದೆ ಹೇಳಬೇಕಾಗುತ್ತದೆಂಬ ಸಂಕೋಚಕ್ಕೆ ಅಷ್ಟು ಬಲವುಂಟು.

ಆದರೆ ಬ್ರಿಟನ್ನಿನ ಅಧ್ಯಯನವನ್ನು ನಂಬಬಹುದಾದುದಕ್ಕೆ ಇರುವ ಕಾರಣವನ್ನು ಗಮನಿಸಿರಿ. ಆ ಕಾರ್ಖಾನೆಗಳ ಹೊಗೆಯನ್ನು ಯುರೋಪಿನ ಇಂಗಾಲ ವ್ಯಾಪಾರ ವ್ಯವಸ್ಥೆಯು ಅದಾಗಲೇ ಸ್ವತಂತ್ರ ಪರೀಕ್ಷಕರಿಂದ ಅಳೆಸಿ, ಸಾರ್ವಜನಿಕ ದಾಖಲೆಯಲ್ಲಿ ಬರೆಸುತ್ತಿದ್ದಿತು. ಕಂಪನಿಯ ಬಾಯಿಮಾತನ್ನು ಕೇಳುವ ಅಗತ್ಯ ಸಂಶೋಧಕರಿಗಿರಲಿಲ್ಲ. ಸುಸ್ಥಿರತಾ ವರದಿಯ ಇತರ ಬಹುಪಾಲು ವಿಷಯಗಳಿಗೆ ಅಂಥ ಹೊರಗಿನ ಸಾಕ್ಷಿಯೇ ಇಲ್ಲ. 2015ರ ಸೆಪ್ಟೆಂಬರಿನಲ್ಲಿ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕವು ಫೋಕ್ಸ್‌ವ್ಯಾಗನ್ ಕಂಪನಿಯನ್ನು ಮೋಟಾರು ಉದ್ಯಮಕ್ಕೇ ಮೇಲ್ಪಂಕ್ತಿಯೆಂದು ಹೊಗಳಿತು. ಅದೇ ತಿಂಗಳು, ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶ ಆ ಕಂಪನಿಯ ಡೀಸೆಲ್ ಕಾರುಗಳಲ್ಲಿದ್ದುದು ಬಯಲಾಯಿತು. ಅಂಥ ವಾಹನಗಳ ಸಂಖ್ಯೆ ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ. ಹಣದ ಲೆಕ್ಕಕ್ಕೆ ರುಜು ಹಾಕುವ ಆಡಿಟರನು ಲೆಕ್ಕವು ಯಥಾರ್ಥ ಚಿತ್ರವನ್ನು ಕೊಡುತ್ತದೆಂದು ತಾನಾಗಿ ಹೇಳುತ್ತಾನೆ. ಸುಸ್ಥಿರತಾ ವರದಿಗೆ ಸದ್ಯ ವಿಧಿಸಿರುವ ಸೀಮಿತ ಖಾತರಿಯಲ್ಲಿ, ತಪ್ಪಿದೆಯೆಂದು ನಂಬಿಸುವಂಥದು ಯಾವುದೂ ನಮ್ಮ ಗಮನಕ್ಕೆ ಬರಲಿಲ್ಲ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತಾನೆ.

2025ರ ಫೆಬ್ರವರಿಯಲ್ಲಿ ಯುರೋಪ್ ಆಯೋಗವು, ಉದ್ಯಮಗಳ ಹೊರೆ ಮಿತಿಮೀರಿತೆಂಬ ಕೂಗಿಗೆ ಓಗೊಟ್ಟು, ತಾನೇ ಕಟ್ಟಿದುದನ್ನು ಬಿಚ್ಚಲಾರಂಭಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಆದ ಒಪ್ಪಂದದಂತೆ 1,000ಕ್ಕಿಂತ ಹೆಚ್ಚು ನೌಕರರೂ 45 ಕೋಟಿ ಯೂರೋಗಳಿಗಿಂತ ಹೆಚ್ಚು ವಹಿವಾಟೂ ಇರುವ ಕಂಪನಿಗಳು ಮಾತ್ರ ಒಳಗೆ, ಉಳಿದ ಬಹುಸಂಖ್ಯಾತರು ಹೊರಗೆ. ಗೆರೆ ಎಳೆದಲ್ಲೆಲ್ಲ ಅದರ ಕೆಳಗೆ ತಲೆತಗ್ಗಿಸಿ ನಿಲ್ಲುವವರಿರುತ್ತಾರೆ: ಲೆಕ್ಕ ಪ್ರಕಟಿಸುವುದನ್ನು ತಪ್ಪಿಸಿಕೊಳ್ಳಲೆಂದೇ ಯುರೋಪಿನ ಸಣ್ಣ ಕಂಪನಿಗಳು ಆಸ್ತಿ, ವಹಿವಾಟು, ನೌಕರರ ಸಂಖ್ಯೆಗಳನ್ನು ಮಿತಿಯ ಕೆಳಗೇ ಹಿಡಿದಿಡುತ್ತವೆಂಬುದನ್ನು ಬರ್ನಾರ್ಡ್, ಬರ್ಗ್‌ಸ್ಟಾಲರ್, ಕಾಯಾ 2018ರಲ್ಲಿ ತೋರಿಸಿದ್ದಾರೆ. ಸಾವಿರ ಮಾಹಿತಿಗಳು ಅರ್ಧಕ್ಕಿಂತ ಕಡಿಮೆಯಾದರೆ ನನಗೇನೂ ದುಃಖವಿಲ್ಲ. ಓದುವವರಿಲ್ಲದ ಇನ್ನೂರು ಪುಟಗಳ ವರದಿ ಸತ್ಯವನ್ನು ಹೇಳುವುದಕ್ಕಿಂತ ಮುಚ್ಚುವುದೇ ಹೆಚ್ಚು. ಸೀಮಿತ ಖಾತರಿಯಿಂದ ಪೂರ್ಣತರವಾದ ಖಾತರಿಗೆ ಮುಂದೆ ಸಾಗುವ ಮೊದಲಿನ ಸಂಕಲ್ಪವನ್ನೂ ಈ ಗಡಿಬಿಡಿಯಲ್ಲಿ ಕೈಬಿಟ್ಟುದು ಮಾತ್ರ ತಪ್ಪು. ಕಡಮೆ ಬರೆಯಿಸಿ ಚೆನ್ನಾಗಿ ನೋಡಿಸಬೇಕಾಗಿತ್ತು. ಕಡಮೆ ಬರೆಯಿಸಿ ಕಡಮೆಯೇ ನೋಡಿಸಲು ಹೊರಟಿದ್ದಾರೆ.

ಇದು ದೂರದವರ ಜಗಳವೆಂದು ಉಪೇಕ್ಷಿಸುವಂತಿಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿಗೆ ಇಟಲಿ, ಜರ್ಮನಿಗಳೇ ದೊಡ್ಡ ಗಿರಾಕಿಗಳು. ಕಾಡು ಕಡಿದು ಬೆಳೆದುದಲ್ಲವೆಂಬುದಕ್ಕೆ ತೋಟದ ಭೌಗೋಳಿಕ ಗುರುತನ್ನೇ ಕೇಳುವ ಯುರೋಪಿನ 2023ರ ಶಾಸನ, ಎರಡು ಬಾರಿ ಮುಂದಕ್ಕೆ ಹೋಗಿದ್ದರೂ, ರದ್ದಾಗಿಲ್ಲ. ನಮ್ಮಲ್ಲಿಯೂ ಸೆಬಿಯು ಷೇರುಪೇಟೆಯ ಮೊದಲ 1,000 ಕಂಪನಿಗಳಿಗೆ 2022–23ರಿಂದ ಸುಸ್ಥಿರತಾ ವರದಿಯನ್ನು ಕಡ್ಡಾಯಗೊಳಿಸಿದೆ. ಷೇರು ಇಟ್ಟುಕೊಂಡಿರುವ ಓದುಗರಲ್ಲಿ ಒಂದು ವಿಜ್ಞಾಪನೆ: ವಾರ್ಷಿಕ ವರದಿ ಕೈಗೆ ಬಂದಾಗ, ಅಧ್ಯಕ್ಷರ ಸಂದೇಶವನ್ನೂ ಗಿಡ ನೆಡುತ್ತಿರುವ ನಿರ್ದೇಶಕರ ಚಿತ್ರಗಳನ್ನೂ ಆಮೇಲೆ ನೋಡೋಣ, ಆ ಅಂಕಿಗಳನ್ನು ಹೊರಗಿನವರು ಯಾರಾದರೂ ಪರೀಕ್ಷಿಸಿದ್ದಾರೆಯೇ, ಪರೀಕ್ಷಿಸಿದ್ದರೆ ಯಾವ ಮಾತಿನಲ್ಲಿ ರುಜು ಹಾಕಿದ್ದಾರೆ ಎಂಬ ಪುಟವನ್ನು ಮೊದಲು ತೆರೆಯಿರಿ. ಅಂಥ ಪುಟವೇ ಇಲ್ಲದಿದ್ದರೆ, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಏಕಿಲ್ಲವೆಂದು ಕೇಳಿರಿ.